ಕನ್ನಡ ಬಿಡಿಸುವ ಲೈಬ್ರರಿ: ಕೋಡಿಗಿಂತ ಟೆಸ್ಟ್ ಫೈಲೇ ದೊಡ್ಡದು

'ಕನ್ನಡ' ಅನ್ನುವ ಪದದಲ್ಲಿ ಎಷ್ಟು ಅಕ್ಷರ ಅಂತ ಒಂದನೇ ಕ್ಲಾಸಿನ ಮಗುವನ್ನು ಕೇಳಿ. ಮೂರು ಅನ್ನುತ್ತದೆ. ಕ, ನ್ನ, ಡ. ಅದೇ ಪದವನ್ನು ವೆಬ್ ಪುಟಗಳ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟಿಗೆ ಕೊಟ್ಟು ಉದ್ದ ಎಷ್ಟು ಅಂತ ಕೇಳಿದರೆ ಐದು ಅನ್ನುತ್ತದೆ. ಅದು ಒತ್ತಕ್ಷರ ನೋಡುವುದಿಲ್ಲ. ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಅಂತ ಬಿಡಿಬಿಡಿಯಾಗಿ ಎಣಿಸುತ್ತದೆ. ಹೋಗಲಿ, ಎಲ್ಲ ಭಾಷೆಗಳಿಗೂ ಆಗಲಿ ಅಂತಲೇ ಬ್ರೌಸರಿನೊಳಗೆ ಇಟ್ಟಿರುವ ಪದವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರನ್ನು ಕೇಳೋಣ ಅಂದರೆ ಅದರ ಉತ್ತರ ನಾಲ್ಕು. ಕ, ನ್, ನ, ಡ. ಈ ಲೆಕ್ಕ ಸರಿಮಾಡಲು ನಾನು ಮತ್ತು ಗೆಳೆಯನೊಬ್ಬ ಸೇರಿ ಒಂದು ಲೈಬ್ರರಿ, ಅಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್, ಬರೆದಿದ್ದೇವೆ. ಅದರ ಕತೆ ಇದು.

ಐದು ಯಾಕೆ ಬಂತು ಅಂತ ಯಾವ ಡೆವಲಪರಿಗೂ ಗೊತ್ತಾಗುತ್ತದೆ. ನಾಲ್ಕು ಯಾಕೆ ಬಂತು ಅಂತ ಹುಡುಕಲು ಸ್ವಲ್ಪ ಒಳಗೆ ಇಳಿಯಬೇಕು. ಎಲ್ಲ ಲಿಪಿಗಳ ಗುರುತುಗಳಿಗೂ ಒಂದೊಂದು ಸಂಖ್ಯೆ ಕೊಡುವ ಮಾನದಂಡ ಯೂನಿಕೋಡ್. 2023ರಲ್ಲಿ ಅದರ 15.1 ಆವೃತ್ತಿ ಬಂತು. ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಹಿಡಿಯಬೇಕು ಅನ್ನುವ ಹೊಸ ನಿಯಮವೂ ಅದರಲ್ಲಿ ಬಂತು. ಆದರೆ ಅದು ಬಂದಿದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಕ್ಕಪಕ್ಕದ ಲಿಪಿಗಳಾದರೂ ತೆಲುಗಿನ ಒತ್ತು ಉಳಿಯಿತು, ನಮ್ಮ ಒತ್ತು ಒಡೆಯಿತು.

ಇದು ಪಂಡಿತರ ಚರ್ಚೆಯ ವಿಷಯ ಅನ್ನಿಸಬಹುದು. ಆದರೆ ನಾನು ಇದನ್ನು ಮೊದಲು ಕಂಡಿದ್ದು ಹಾಲಿನ ಡೈರಿಯಲ್ಲಿ. ಮಂಡ್ಯ ಕಡೆಯ ಒಂದು ಊರಿನ ಹಾಲು ಉತ್ಪಾದಕರ ಸಂಘಕ್ಕೆ ನಾವು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ಸದಸ್ಯರ ಪಟ್ಟಿ, ದಿನಕ್ಕೆ ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟು. ಎಲ್ಲವೂ ಕನ್ನಡದಲ್ಲೇ. ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇರುತ್ತದಲ್ಲ, ಹಾಗೆ ಪ್ರತಿ ಹೆಸರಿನ ಪಕ್ಕ ಒಂದು ಬಣ್ಣದ ವೃತ್ತ, ಅದರೊಳಗೆ ಹೆಸರಿನ ಮೊದಲ ಅಕ್ಷರ. ಶ್ರೀನಿವಾಸ ಅನ್ನುವವರ ವೃತ್ತದಲ್ಲಿ 'ಶ' ಬಂತು. ಜ್ಯೋತಿಗೆ 'ಜ', ಪ್ರೇಮಾಗೆ 'ಪ'. ಕಾರ್ಯದರ್ಶಿ ನೋಡಿದ ಕೂಡಲೇ ಕೇಳಿದರು: "ಮೇಡಂ, ಶ್ರೀ ಅಂತ ಬರಬೇಕಲ್ವಾ? ಬರೀ ಶ ಯಾಕೆ?" ಸೆಗ್ಮೆಂಟರ್ ಹಾಕಿ ನೋಡಿದರೆ 'ಶ್' ಬಂತು. ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

'ಶ್ರೀ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು ಗುರುತು: ಶ, ಹಲಂತ, ರ, ದೀರ್ಘದ ಈ. ಗುರುತುಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಅಂದರೆ 'ಶ್ರೀ' ಬರೆಯಲು 12 ಬೈಟ್. ಹೆಸರಿಗೆ ಇಷ್ಟೇ ಬೈಟ್ ಅಂತ ಕಟ್ಟಿಟ್ಟ ಹಳೇ ಡೇಟಾಬೇಸ್ ಕಾಲಂಗಳು ಇಂಥ ಹೆಸರನ್ನು ನಡುವೆ ಕತ್ತರಿಸುತ್ತವೆ. ಫಾರಂನಲ್ಲಿ ಉದ್ದಕ್ಕೆ ಮಿತಿ ಹಾಕುವ ಮ್ಯಾಕ್ಸ್‌ಲೆಂತ್ ಕೂಡ ಗುರುತುಗಳನ್ನೇ ಎಣಿಸುತ್ತದೆ. ಎಸ್ಸೆಮ್ಮೆಸ್ಸಿನದೂ ಇದೇ ಕತೆ. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ 160 ಹಿಡಿಯುತ್ತದೆ. ಕನ್ನಡ ಬಂದ ಕೂಡಲೇ 70ಕ್ಕೆ ಇಳಿಯುತ್ತದೆ, ಅದರಲ್ಲಿ ಒಂದು 'ಶ್ರೀ' ನಾಲ್ಕನ್ನು ತಿನ್ನುತ್ತದೆ. ಬಟವಾಡೆ ಮೆಸೇಜನ್ನು 70ರಲ್ಲಿ ಹಿಡಿಸಲು ಹೋಗಿ 'ರೂಪಾಯಿ' ಅನ್ನುವುದು 'ರೂಪಾಯ' ಆಗಿ ನಿಂತರೆ ಓದುವ ರೈತನಿಗೆ ಎಷ್ಟು ಕಸಿವಿಸಿ ಆಗುತ್ತದೆ, ಯೋಚಿಸಿ.

ಇಂಥ ಸಣ್ಣಸಣ್ಣ ರಿಪೇರಿಗಳು ಪ್ರತಿ ಪ್ರಾಜೆಕ್ಟಿನಲ್ಲೂ ಚಿಲ್ಲರೆ ಕೋಡ್ ಇಡುವ ಯುಟಿಲ್ಸ್ ಫೋಲ್ಡರಿನಲ್ಲಿ ಸೇರಿಕೊಂಡಿದ್ದವು. ಹೊಸ ಪ್ರಾಜೆಕ್ಟ್ ಬಂದರೆ ಹಳೆಯದರಿಂದ ಕಾಪಿ. ಹುಬ್ಬಳ್ಳಿಯ ನನ್ನ ಗೆಳೆಯನೊಬ್ಬ ಪದಬಂಧದ ಸೈಟ್ ಮಾಡುತ್ತಿದ್ದ. ಪದಬಂಧದಲ್ಲಿ ಒಂದು ಮನೆಗೆ ಒಂದೇ ಅಕ್ಷರ ಕೂರಬೇಕು, ಹಾಗಾಗಿ ಅವನೂ ಬಿಡಿಸುವ ಫಂಕ್ಷನ್ ಬರೆದಿದ್ದ. ಇಬ್ಬರ ಫಂಕ್ಷನ್ನಿಗೂ 'ಸಾಫ್ಟ್‌ವೇರ್' ಕೊಟ್ಟು ನೋಡಿದೆವು. ನನ್ನದು ಸಾ, ಫ್ಟ್, ವೇ, ರ್ ಅಂತ ನಾಲ್ಕು ಕೊಟ್ಟಿತು. ಅವನದು ಕೊನೆಯ ಅರ್ಧಾಕ್ಷರವನ್ನು ಹಿಂದಿನದಕ್ಕೆ ಸೇರಿಸಿ ಸಾ, ಫ್ಟ್, ವೇರ್ ಅಂತ ಮೂರು ಕೊಟ್ಟಿತು. ಯಾವುದು ಸರಿ? ಆ ಪ್ರಶ್ನೆಗೆ ಉತ್ತರ ಬರೆದಿಡುವ ಜಾಗ ಎಲ್ಲೂ ಇರಲಿಲ್ಲ. ನಮ್ಮಿಬ್ಬರ ಲೈಬ್ರರಿ ಹುಟ್ಟಿದ್ದು ಅಲ್ಲಿಂದ.

ಕೋಡ್ ಬರೆಯುವುದು ಕಷ್ಟ ಆಗಲಿಲ್ಲ. ನಿಯಮವನ್ನು ಮಾತಿನಲ್ಲಿ ಹೇಳಬಹುದು. ಒಂದು ಸ್ವರ, ಇಲ್ಲವೇ ಒಂದು ವ್ಯಂಜನ. ವ್ಯಂಜನ ಆದಮೇಲೆ ಹಲಂತ ಬಂದು ಅದಾದಮೇಲೆ ಮತ್ತೊಂದು ವ್ಯಂಜನ ಬಂದರೆ ಅದು ಒತ್ತು, ಅದೇ ಅಕ್ಷರಕ್ಕೆ ಸೇರುತ್ತದೆ. ಹೀಗೆ ಎಷ್ಟು ಒತ್ತು ಬೇಕಾದರೂ ಬರಬಹುದು, 'ರಾಷ್ಟ್ರ'ದಲ್ಲಿ ಎರಡಿವೆ. ಆಮೇಲೆ ಕಾಗುಣಿತದ ಗುರುತು, ಆಮೇಲೆ ಅನುಸ್ವಾರ ಅಥವಾ ವಿಸರ್ಗ. ಹಲಂತ ಆದಮೇಲೆ 'ಜೋಡಿಸಬೇಡ' ಅನ್ನುವ ಕಾಣದ ಗುರುತು ಇದ್ದರೆ ಅಕ್ಷರ ಅಲ್ಲಿಗೇ ಮುಗಿಯಿತು. 'ಸಾಫ್ಟ್‌ವೇರ್'ನಲ್ಲಿ ಟ್ ಮತ್ತು ವೇ ಬೇರೆಬೇರೆ ನಿಲ್ಲುವುದು ಆ ಗುರುತಿನಿಂದಲೇ. ಇಷ್ಟನ್ನೂ ಪಠ್ಯದ ಮಾದರಿ ಹುಡುಕುವ ಒಂದೇ ಸೂತ್ರದಲ್ಲಿ, ಅಂದರೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಹಿಡಿಸಬಹುದು.

ನಾವು ಹೆಚ್ಚು ಹೊತ್ತು ಕಳೆದಿದ್ದು, ಈಗಲೂ ಕಳೆಯುವುದು ಟೆಸ್ಟ್ ಫೈಲಿನಲ್ಲಿ, ಅಂದರೆ ಕೋಡ್ ಸರಿ ಉತ್ತರ ಕೊಡುತ್ತದೆಯಾ ಅಂತ ಪರೀಕ್ಷಿಸುವ ಪಟ್ಟಿಯಲ್ಲಿ. ಶುರುವಿನಲ್ಲೇ ಒಂದು ತೀರ್ಮಾನ ಮಾಡಿದೆವು: ಟೆಸ್ಟುಗಳನ್ನು ಜಾವಾಸ್ಕ್ರಿಪ್ಟಿನೊಳಗೆ ಬರೆಯುವುದು ಬೇಡ, ಬರೀ ಪಠ್ಯದ ಫೈಲಿನಲ್ಲಿ ಇಡೋಣ. ಒಂದು ಸಾಲಿಗೆ ಒಂದು ಪದ. ಅದರ ಪಕ್ಕ ಬಿಡಿಸಿದ ರೂಪ. ಅದರ ಪಕ್ಕ ಯಾಕೆ ಹಾಗೆ ಅಂತ ಕನ್ನಡದಲ್ಲಿ ಒಂದು ವಾಕ್ಯ. ಯೂನಿಕೋಡಿನವರು ತಮ್ಮ ನಿಯಮದ ಜೊತೆಗೆ ಇಂಥದ್ದೇ ಪಠ್ಯದ ಟೆಸ್ಟ್ ಫೈಲ್ ಪ್ರಕಟಿಸುತ್ತಾರೆ, ಅದೇ ನಮಗೆ ಮಾದರಿ. ಹೀಗಿಟ್ಟರೆ ಪೈಥಾನಿನವರು, ಪಿಎಚ್‌ಪಿಯವರು, ಫಾಂಟ್ ಮಾಡುವವರು ಯಾರು ಬೇಕಾದರೂ ಬಳಸಬಹುದು. ಕೋಡಿಗೆ ಲೇಖಕರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್ ಹಾಕಿದೆವು, ಈ ಪಟ್ಟಿಗೆ ಹಕ್ಕನ್ನೆಲ್ಲ ಬಿಟ್ಟುಕೊಡುವ ಸಿಸಿ ಝೀರೋ. ಪಟ್ಟಿಯ ಮೇಲೆ ಯಾರ ಹಕ್ಕೂ ಇರುವುದು ಬೇಡ ಅನ್ನಿಸಿತು.

ಇದರ ಇನ್ನೊಂದು ಲಾಭ ಗೊತ್ತಾಗಿದ್ದು ಆಮೇಲೆ. ಕೋಡ್ ಬರದವರೂ ಇದಕ್ಕೆ ಸೇರಿಸಬಹುದು! ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಹಿರಿಯರೊಬ್ಬರು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಗಿಟ್ ಅಂದರೇನು ಅಂತ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಪದ ನೆನಪಾದಾಗ ವಾಟ್ಸಾಪಿನಲ್ಲಿ ಕಳಿಸುತ್ತಾರೆ. "ಇದನ್ನ ನಿಮ್ಮ ಯಂತ್ರ ಏನು ಮಾಡುತ್ತೆ ನೋಡಮ್ಮ" ಅಂತ ಒಂದು ಸಾಲು ಜೊತೆಗೆ. ಈ ಪಟ್ಟಿಯಲ್ಲಿ ಅವರಷ್ಟು ಕಷ್ಟದ ಪದಗಳನ್ನು ಕೊಟ್ಟವರು ಬೇರೆ ಯಾರೂ ಇಲ್ಲ.

ಅವರು ಕಳಿಸಿದ್ದರಲ್ಲಿ ಒಂದು 'ರ‍್ಯಾಂಕ್'. ಸೂರ್ಯ, ಕಾರ್ಯ ಬರೆಯುವಾಗ ರ ಅರ್ಕಾವತ್ತಾಗಿ ಹಿಂದಕ್ಕೆ ಹೋಗುತ್ತದೆ. ಆದರೆ ರ‍್ಯಾಂಕ್, ರ‍್ಯಾಲಿ ಬರೆಯುವಾಗ ರ ತನ್ನ ಜಾಗದಲ್ಲೇ ನಿಂತು ಯ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಹಾಕಬೇಕು. ಯೂನಿಕೋಡ್ ಪ್ರಕಾರ ಆ ಗುರುತು ಹಲಂತಕ್ಕಿಂತ ಮೊದಲು ಬರಬೇಕು. ಆದರೆ ಹಲಂತ ಆದಮೇಲೆ ಗುರುತು ಹಾಕಿ ಬರೆದ ಪಠ್ಯವೂ ವೆಬ್ಬಿನಲ್ಲಿ ಬೇಕಾದಷ್ಟಿದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಟೆಸ್ಟಿನಲ್ಲಿ ಈ ಪದ ಎರಡು ಸಾಲು ತೆಗೆದುಕೊಂಡಿದೆ. ಎರಡಕ್ಕೂ ಒಂದೇ ಉತ್ತರ ಬರಬೇಕು.

ಇನ್ನೊಂದು ಮಂಗಳೂರಿನಿಂದ ಬಂತು. ತುಳುವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರಲ್ಲ, 2016ರಿಂದ ತುಳು ವಿಕಿಪೀಡಿಯವೂ ಇದೆ. ತುಳುವಿನಲ್ಲಿ ಮನೆಗೆ 'ಇಲ್ಲ್' ಅಂತ ಬರೆಯುತ್ತಾರೆ. ಕೊನೆಯಲ್ಲಿ ಒತ್ತೂ ಇದೆ, ಹಲಂತವೂ ಇದೆ. ಆ ಹಲಂತವನ್ನು ಅವರು ಓದುವುದು ಒಂದು ಪುಟ್ಟ ಸ್ವರವಾಗಿ, ಅರ್ಧಕ್ಕೆ ನಿಲ್ಲಿಸಿದ ವ್ಯಂಜನವಾಗಿ ಅಲ್ಲ. 'ಪದದ ಕೊನೆಯ ಹಲಂತ ಕಂಡರೆ ತೆಗೆದುಬಿಡು' ಅಂತ ಹುಡುಕಾಟದ ಕೋಡಿನಲ್ಲಿ ಯಾರಾದರೂ ಹಾಕಿದರೆ ಕನ್ನಡಕ್ಕೆ ಹೇಗೋ ನಡೆಯಬಹುದು, ತುಳು ಹಾಳಾಗುತ್ತದೆ. ಈ ಲಿಪಿಯನ್ನು ಬಳಸುವ ಕೊಂಕಣಿ, ಕೊಡವ, ಬ್ಯಾರಿ ಭಾಷೆಗಳಿಂದಲೂ ಪದಗಳು ಬರಲಿ ಅಂತ ನನಗೆ ತುಂಬಾ ಆಸೆ ಇದೆ. ಲಿಪಿ ನಮ್ಮೊಬ್ಬರದೇ ಅನ್ನುವ ಹಾಗೆ ಲೈಬ್ರರಿ ಬರೆಯಬಾರದು.

ಹುಡುಕಾಟದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಳೇ ಬ್ಲಾಗುಗಳಲ್ಲಿ, ಸರ್ಕಾರಿ ಪಟ್ಟಿಗಳಲ್ಲಿ 'ಬೆ೦ಗಳೂರು' ಅಂತ ಇರುತ್ತದೆ. ಓದಲು ಏನೂ ತೊಂದರೆ ಇಲ್ಲ. ಆದರೆ ಅಲ್ಲಿ ಅನುಸ್ವಾರದ ಜಾಗದಲ್ಲಿ ಕೂತಿರುವುದು ಕನ್ನಡದ ಸೊನ್ನೆ, ಅಂಕಿ! ಎರಡೂ ಒಂದೇ ದುಂಡಗೆ ಇರುವುದರಿಂದ ಟೈಪ್ ಮಾಡುವವರ ಕೈ ತಪ್ಪುವುದು ಸಹಜ. ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಊರು. 'ಕೊ' ಬರೆಯುವಾಗಲೂ ಹೀಗೇ. ಒ ಕಾರದ ಒಂದೇ ಗುರುತು ಬರಬಹುದು, ಎ ಕಾರ ಮತ್ತು ಊ ಕಾರ ಸೇರಿ ಎರಡು ಗುರುತಾಗಿಯೂ ಬರಬಹುದು. ಹಳೇ ಫಾಂಟುಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ಇಂಥದ್ದು ಕಂಡರೆ ಆಶ್ಚರ್ಯ ಪಡಬೇಡಿ. ಇದನ್ನು ಯೂನಿಕೋಡಿನ ನಾರ್ಮಲೈಸ್ ಫಂಕ್ಷನ್ನೇ ಸರಿ ಮಾಡುತ್ತದೆ. ಸೊನ್ನೆಯನ್ನು ಮಾಡುವುದಿಲ್ಲ, ಅದನ್ನು ನಾವೇ ಮಾಡಬೇಕು. ಅದಕ್ಕೆ ಮುಂಚೆ ಕನ್ನಡದ ಅಕ್ಷರ ಇದ್ದರೆ ಅನುಸ್ವಾರ, ಅಂಕಿ ಇದ್ದರೆ ಸೊನ್ನೆ. ೧೦೦ ಅನ್ನುವುದು ಹಾಗೇ ಉಳಿಯಬೇಕು.

ಇಲ್ಲಿ ನಮ್ಮಿಬ್ಬರಿಗೂ ಒಂದು ಗಟ್ಟಿ ನಿಲುವಿದೆ. ಈ ತಿದ್ದುಪಡಿ ನಡೆಯುವುದು ಹುಡುಕಲು ಬಳಸುವ ಕೀಲಿಯಲ್ಲಿ, ಅಂದರೆ ಹುಡುಕಾಟಕ್ಕೆಂದೇ ಮಾಡಿಕೊಳ್ಳುವ ಪ್ರತಿಯಲ್ಲಿ ಮಾತ್ರ. ಜನ ಬರೆದ ಮೂಲ ಪಠ್ಯವನ್ನು ಲೈಬ್ರರಿ ಮುಟ್ಟುವುದಿಲ್ಲ. "ಡೇಟಾಬೇಸಿಗೆ ಹೋಗುವಾಗಲೇ ಕ್ಲೀನ್ ಮಾಡಿಬಿಡಿ, ಎಲ್ಲರಿಗೂ ಅನುಕೂಲ" ಅಂತ ಕೇಳಿದವರಿದ್ದಾರೆ. ಒಪ್ಪಲಿಲ್ಲ. ಒಬ್ಬರು ತಮ್ಮ ಹೆಸರನ್ನು ಹೇಗೆ ಬರೆದುಕೊಂಡಿದ್ದಾರೋ ಹಾಗೆ ಇರಬೇಕು. ಎಲ್ಲೋ ಕೂತ ಡೆವಲಪರ್ ಅದನ್ನು ಸುಮ್ನೆ ತಿದ್ದುವ ಹಾಗಿಲ್ಲ.

ಬೇಡ ಅಂದದ್ದು ಇನ್ನೂ ಇವೆ. ಛಂದಸ್ಸಿನ ಮಾತ್ರೆ ಎಣಿಸುವ ಫಂಕ್ಷನ್ ಸೇರಿಸಿ ಅಂತ ಕೇಳಿದರು. ಒಳ್ಳೇ ಕೆಲಸ, ಆದರೆ ಬೇರೆ ಪ್ಯಾಕೇಜ್ ಆಗಲಿ ಅಂದೆವು. 'ವೇರ್' ಅನ್ನುವುದನ್ನು ಒಂದು ಮಾಡಬೇಕೋ ಎರಡು ಮಾಡಬೇಕೋ ಅಂತ ನಾನು ಮತ್ತು ಹುಬ್ಬಳ್ಳಿಯ ಗೆಳೆಯ ಚರ್ಚೆ ಮಾಡಿದೆವಲ್ಲ, ಅದರ ಉತ್ತರವೂ ಇದರಲ್ಲೇ ಇದೆ. ಪದ್ಯದ ಲೆಕ್ಕಕ್ಕೆ ಕೊನೆಯ ರ್ ಹಿಂದಿನದರ ಜೊತೆ ಸೇರಿ ಗುರು ಆಗುತ್ತದೆ. ಪದಬಂಧದಲ್ಲಿ ಮತ್ತು ತೆರೆಯ ಮೇಲೆ ಅದಕ್ಕೆ ತನ್ನದೇ ಜಾಗ ಬೇಕು. ಲೈಬ್ರರಿ ತೆರೆಯ ಮೇಲಿನ ಲೆಕ್ಕ ಮಾಡುತ್ತದೆ. ಛಂದಸ್ಸಿನವರು ಅದರ ಮೇಲೆ ತಮ್ಮದನ್ನು ಕಟ್ಟಿಕೊಳ್ಳಲಿ. ಎಲ್ಲವನ್ನೂ ಒಂದೇ ಪ್ಯಾಕೇಜಿಗೆ ತುಂಬಿದರೆ ಡೈರಿಯ ಪಟ್ಟಿ ತೋರಿಸಲು ಬಂದವರ ಫೋನಿಗೆ ಷಟ್ಪದಿಯ ನಿಯಮವೂ ಡೌನ್‌ಲೋಡ್ ಆಗುತ್ತದೆ.

ಫಂಕ್ಷನ್ನುಗಳಿಗೆ ಹೆಸರಿಡುವಾಗ ನಾನು ತುಂಬಾ ನಿಧಾನ. ಕಾರಣ ಯೂನಿಕೋಡಿನಲ್ಲೇ ಇದೆ. ಹಳಗನ್ನಡದ ೞ ಇದೆಯಲ್ಲ, ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ'! ಯಾವಾಗಲೋ ತಪ್ಪಾಗಿ ಸೇರಿಬಿಟ್ಟಿದೆ. ತಪ್ಪು ಅಂತ ಅವರೇ ಟಿಪ್ಪಣಿ ಹಾಕಿದ್ದಾರೆ. ಆದರೂ ಹೆಸರು ಬದಲಿಸುವಂತಿಲ್ಲ, ಯಾಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಅಂತ ಅವರ ನಿಯಮವೇ ಇದೆ. ಆ ನಿಯಮ ಸರಿಯಾಗಿಯೇ ಇದೆ. ಯಾರದೋ ಪ್ರೋಗ್ರಾಂ ಆ ಹೆಸರನ್ನು ನಂಬಿಕೊಂಡಿರಬಹುದು. ನಮ್ಮ ಪುಟ್ಟ ಲೈಬ್ರರಿಗೂ ಇದು ಅನ್ವಯಿಸುತ್ತದೆ. ನಮ್ಮ ಕಣ್ಣಿಗೆ ಬೀಳದ ಯಾವುದೋ ಸೈಟಿನಲ್ಲಿ ಅದು ಓಡುತ್ತಿರುತ್ತದೆ.

ಆವೃತ್ತಿ ಸಂಖ್ಯೆಯಲ್ಲೂ ಹೀಗೇ. ಬೇರೆ ಲೈಬ್ರರಿಗಳಲ್ಲಿ ಬಗ್ ಸರಿಮಾಡಿದರೆ ಕೊನೆಯ ಅಂಕಿ ಒಂದು ಏರಿಸಿದರೆ ಸಾಕು. ನಮ್ಮಲ್ಲಿ ಒಂದು ಪದದ ಅಕ್ಷರ ಎಣಿಕೆ ಬದಲಾದರೂ ಮೊದಲ ಅಂಕಿಯನ್ನೇ ಏರಿಸುತ್ತೇವೆ. ಯಾಕೆಂದರೆ ಯಾರೋ ಆ ಎಣಿಕೆ ನಂಬಿ ಪದಬಂಧದ ಮನೆಗಳನ್ನು ಹಾಕಿ ಪ್ರಕಟಿಸಿರುತ್ತಾರೆ. ರಾತ್ರೋರಾತ್ರಿ ಒಂದು ಮನೆ ಕಮ್ಮಿ ಆದರೆ ಆಡುವವರಿಗೆ ಏನು ಹೇಳುವುದು?

ನಂಬಿಕೆ ಮುರಿದರೆ ಏನಾಗುತ್ತದೆ ಅಂತ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಉಗ್ರಾಣವಾದ ಎನ್‌ಪಿಎಂ ಬಳಸುವವರು ಕಂಡಿದ್ದಾರೆ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ ಪ್ಯಾಕೇಜನ್ನು ಅದರ ಲೇಖಕ ತೆಗೆದುಹಾಕಿದಾಗ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ಕೂಡ ನಿಂತುಹೋಯಿತು. ಇಡೀ ಪ್ಯಾಕೇಜು 11 ಸಾಲಿನ ಕೋಡ್. 2018ರಲ್ಲಿ ಈವೆಂಟ್‌ಸ್ಟ್ರೀಮ್ ಅನ್ನುವುದರ ಲೇಖಕರು ಸಹಾಯಕ್ಕೆ ಬಂದ ಅಪರಿಚಿತರ ಕೈಗೆ ಪ್ರಕಟಿಸುವ ಹಕ್ಕು ಕೊಟ್ಟರು. ಆ ಹೊಸಬರು ಬಿಟ್‌ಕಾಯಿನ್ ಕದಿಯುವ ಕೋಡ್ ತೂರಿಸಿದರು. ಲೇಖಕರನ್ನು ಬೈದವರು ಬಹಳ ಜನ. ನನಗೆ ಅವರ ಮೇಲೆ ಕೋಪ ಬರುವುದಿಲ್ಲ. ಲಕ್ಷಾಂತರ ಜನ ಬಳಸುವ ಕೋಡನ್ನು ಒಬ್ಬರೇ ಪುಕ್ಕಟೆಯಾಗಿ ನೋಡಿಕೊಳ್ಳುವಾಗ, ನಾನು ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಮುಂದೆ ಬಂದರೆ ಯಾರಿಗಾದರೂ ಹಗುರ ಅನ್ನಿಸುತ್ತದೆ. ಅದಕ್ಕೇ ನಮ್ಮ ಪ್ಯಾಕೇಜ್ ಬೇರೆ ಯಾವ ಪ್ಯಾಕೇಜನ್ನೂ ನೆಚ್ಚಿಕೊಂಡಿಲ್ಲ. ಪ್ರಕಟಿಸುವ ಹಕ್ಕು ಇರುವುದು ನಮ್ಮಿಬ್ಬರಿಗೇ, ಎರಡು ಹಂತದ ಲಾಗಿನ್ ಜೊತೆ. ಮೂರನೆಯವರು ಬೇಕು, ಆದರೆ ಅವಸರ ಇಲ್ಲ.

ನಾವು ಹೊಸ ದಾರಿ ಕಡಿದವರೇನೂ ಅಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಇವತ್ತು ಇಷ್ಟು ಜನ ಇಷ್ಟು ಸಲೀಸಾಗಿ ಕನ್ನಡ ಟೈಪ್ ಮಾಡುತ್ತಿರಲಿಲ್ಲ. ವೆಬ್ಬಿನಲ್ಲಿ ವಿಕಿಮೀಡಿಯದವರು ಜೆಕ್ವೆರಿ ಐಎಂಇ ಮಾಡಿ ಮುಕ್ತವಾಗಿ ಬಿಟ್ಟಿದ್ದಾರೆ, ಯಾವ ಸೈಟಿನ ಪಠ್ಯದ ಪೆಟ್ಟಿಗೆಯಲ್ಲಾದರೂ ಕನ್ನಡ ಟೈಪಿಂಗ್ ಸೇರಿಸಲು ಅದು ಸಾಕು. ಅದರ ಕೋಡ್ ಓದಿಯೇ ನಾನು ಕಲಿತದ್ದು ಜಾಸ್ತಿ. ಟೈಪ್ ಆದಮೇಲೆ ಆ ಪಠ್ಯವನ್ನು ಎಣಿಸುವುದು, ಕತ್ತರಿಸುವುದು, ಹುಡುಕುವುದು, ಸಾಲಾಗಿ ಜೋಡಿಸುವುದು. ಅಷ್ಟೇ ನಮ್ಮ ಪಾಲಿನ ಕೆಲಸ.

ಮುಂದೊಂದು ದಿನ ಯೂನಿಕೋಡಿನ ಆ ಪಟ್ಟಿಗೆ ಕನ್ನಡವೂ ಸೇರಿದರೆ, ಬ್ರೌಸರುಗಳೆಲ್ಲ ಅದನ್ನು ಅಳವಡಿಸಿಕೊಂಡರೆ, ಬಿಡಿಸುವ ನಮ್ಮ ಕೋಡನ್ನು ಖುಷಿಯಿಂದ ಅಳಿಸುತ್ತೇನೆ. ಅಲ್ಲಿಯವರೆಗೆ ಕಾಯಬೇಕು. ಸೆಗ್ಮೆಂಟರ್ ಫೈರ್‌ಫಾಕ್ಸಿಗೆ ಬಂದಿದ್ದೇ 2024ರಲ್ಲಿ, 125ನೇ ಆವೃತ್ತಿಯಲ್ಲಿ. ಹಳೇ ಫೋನುಗಳಲ್ಲಿ ಹಳೇ ಬ್ರೌಸರುಗಳು ಇನ್ನೂ ಇರುತ್ತವೆ. ಕೋಡ್ ಹೋದರೂ ಟೆಸ್ಟ್ ಪಟ್ಟಿ ಉಳಿಯುತ್ತದೆ, ಬ್ರೌಸರ್ ಸರಿಯಾಗಿ ಮಾಡುತ್ತಿದೆಯಾ ಅಂತ ನೋಡಲು ಅದು ಬೇಕೇ ಬೇಕು.

ಈಗ ಕೈಯಲ್ಲಿರುವುದು ಅಕಾರಾದಿ ಜೋಡಣೆ. ಜಾವಾಸ್ಕ್ರಿಪ್ಟಿನ ಸಾದಾ ಸಾರ್ಟ್ ಗುರುತಿನ ಸಂಖ್ಯೆ ನೋಡಿ ಜೋಡಿಸುತ್ತದೆ. ಯೂನಿಕೋಡಿನಲ್ಲಿ ಲ ಆದಮೇಲೆ ಳ, ಆಮೇಲೆ ವ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ, ಕೊನೆಗೆ. ಹಾಗಾಗಿ ಡೈರಿಯ ಪಟ್ಟಿಯಲ್ಲಿ ಕಳಸಮ್ಮನವರು ಕವಿತಾಗಿಂತ ಮುಂಚೆ ಬರುತ್ತಾರೆ, ನಿಘಂಟಿನ ಪ್ರಕಾರ ಕವಿತಾ ಮೊದಲು ಬರಬೇಕು. ಇಷ್ಟು ಸುಲಭ. ಕಷ್ಟ ಇರುವುದು ಹಳಗನ್ನಡದ ಱ ಮತ್ತು ೞ ಎಲ್ಲಿ ಕೂರಬೇಕು ಅನ್ನುವುದರಲ್ಲಿ, ಹಲಂತದಲ್ಲಿ ಮುಗಿಯುವ ಹೆಸರು ಮೊದಲೋ ಪೂರ್ತಿ ಅಕ್ಷರದಲ್ಲಿ ಮುಗಿಯುವ ಹೆಸರು ಮೊದಲೋ ಅನ್ನುವುದರಲ್ಲಿ. 'ರಮೇಶ್' ಮತ್ತು 'ರಮೇಶ' ಇಬ್ಬರೂ ಒಂದೇ ಪಟ್ಟಿಯಲ್ಲಿದ್ದರೆ ಯಾರು ಮೇಲೆ?

ನಿಘಂಟು ಕೆಲಸ ಮಾಡಿದವರು, ಗ್ರಂಥಾಲಯದಲ್ಲಿ ಕಾರ್ಡ್ ಜೋಡಿಸಿದವರು, ಮತದಾರರ ಪಟ್ಟಿ ತಯಾರಿಸಿದವರು, ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ಕೋಡ್ ಬೇಡ. ಎರಡು ಪದ, ಯಾವುದು ಮೊದಲು, ಯಾಕೆ. ಅಷ್ಟು ಬರೆದು ಕಳಿಸಿದರೆ ಸಾಕು, ಫೈಲಿಗೆ ಸೇರಿಸುವ ಕೆಲಸ ನನ್ನದು.